ಹೊಸ ಹುಟ್ಟಿನ ತಾರೀಖು

ನಮ್ಮ ಬೀದಿಯ ಟೈಲರಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಳ್ಳಲು ಹೊರಟಾಗ ಅವರಿಗಿದ್ದ ಆಸೆ ಒಂದೇ: ಆ ದಿನ ಮಗಳು ಜೊತೆಗಿರಬೇಕು. ಮಗಳು ಬರುವುದಿಲ್ಲ ಎಂದಿರಲಿಲ್ಲ, ಬರುತ್ತೇನೆ ಎಂದೂ ಹೇಳಿರಲಿಲ್ಲ. ‘ಬರಲ್ಲ’ ಎಂಬ ಮಾತನ್ನು ಅವಳ ಬಾಯಿಂದ ಹೊರಡಿಸಿದವನು ನಾನು. ಒಳ್ಳೆಯ ಉದ್ದೇಶದಿಂದಲೇ ಮಾಡಿದೆ. ಒಂದು ಹಾಳೆ ಕಾಗದದಲ್ಲಿ, ಮೂವತ್ತೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಕಲಿತ ಕ್ರಮವನ್ನು ಒಂದಿಷ್ಟೂ ಬಿಡದೆ ಮಾಡಿದೆ.

ಟೈಲರಮ್ಮನ ಅಂಗಡಿ ಮಾರೇನಹಳ್ಳಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಒಂದು ಮಷಿನ್ನು, ಒಂದು ಸ್ಟೂಲು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಬ್ಲೌಸುಗಳು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ತಾಕುತ್ತದೆ, ಆದ್ದರಿಂದ ಅವರು ಏಳುವುದು ಕಡಿಮೆ. ಬೀದಿಯ ಹೆಂಗಸರ ಅಳತೆಗಳೆಲ್ಲ ಅವರ ತಲೆಯಲ್ಲಿವೆ, ಟೇಪು ಕೊರಳಲ್ಲಿ ಸುಮ್ಮನೆ ಇರುತ್ತದೆ. ನನ್ನ ಹೆಂಡತಿ ಹಬ್ಬದ ಬ್ಲೌಸು ತೆಗೆದುಕೊಂಡು ಹೋದಾಗ, “ಅಕ್ಕಾ, ಇನ್ನು ಬಿಡೋಕೆ ಒಳಗೆ ಬಟ್ಟೆ ಇಲ್ಲ. ಮುಂದಿನ ಸಲ ಬಟ್ಟೆ ಜಾಸ್ತಿ ತನ್ನಿ, ಇಲ್ಲ ಊಟ ಕಡಿಮೆ ಮಾಡಿ” ಅಂದಿದ್ದರಂತೆ. ನನ್ನ ಹೆಂಡತಿಗೆ ಹೀಗೆ ಹೇಳಿ ಬದುಕಿರುವವರು ಈ ಭಾಗದಲ್ಲಿ ಅವರೊಬ್ಬರೇ.

ಅವರು ಹುಟ್ಟಿನಿಂದ ಕ್ರೈಸ್ತರು. ಕೂಸಾಗಿದ್ದಾಗಲೇ ಹಳೆಯ ಚರ್ಚೊಂದರಲ್ಲಿ, ಅವರ ಮಾತಿನಲ್ಲಿ ದೇವಾಲಯದಲ್ಲಿ, ಅವರ ಹಣೆಗೆ ನೀರು ಹಾಕಿ ದೀಕ್ಷಾಸ್ನಾನ ಮಾಡಿಸಿದ್ದರು. ಅದೇ ದೇವಾಲಯದಲ್ಲಿ ಮದುವೆ, ಅಲ್ಲೇ ಮಗಳ ಹಣೆಗೂ ನೀರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಆರು ವರ್ಷದ ಹಿಂದೆ ತೀರಿಕೊಂಡರು. ಅವರ ಮಣ್ಣೂ ಆ ದೇವಾಲಯದವರ ಸ್ಮಶಾನದಲ್ಲೇ ಆಯಿತು. ಗಂಡ ಹೋದ ಎರಡು ವರ್ಷಕ್ಕೆ ಗಿರಾಕಿಯೊಬ್ಬರು ಟೈಲರಮ್ಮನನ್ನು ಶ್ರೀಗಂಧದ ಕಾವಲಿನ ಒಂದು ಸಣ್ಣ ಪ್ರಾರ್ಥನಾ ಸಭೆಗೆ ಕರೆದುಕೊಂಡು ಹೋದರು. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಹಾಲ್, ನೆಲಕ್ಕೆ ಜಮಖಾನ, ಐವತ್ತು ಜನ. ಎಲ್ಲರೂ ಮಂಡಿಗೆ ಮಂಡಿ ತಾಗಿಸಿ ಕೂತು ಹಾಡುತ್ತಾರೆ. ಅದು ಅವರಿಗೆ ಹಿಡಿಸಿತು. ದಿನವಿಡೀ ಒಬ್ಬರೇ ಮೆಟ್ಟಿಲ ಕೆಳಗೆ ಕೂರುವವರಿಗೆ ಹಿಡಿಸದೆ ಇರುತ್ತದೆಯೇ?

ಆ ಸಭೆಯ ಬೋಧನೆ ಬೇರೆ. ಕೂಸಿನ ಹಣೆಗೆ ಹಾಕಿದ ನೀರು ತಂದೆತಾಯಿಯ ನಂಬಿಕೆ. ಮನುಷ್ಯ ಬುದ್ಧಿ ಬಲಿತ ಮೇಲೆ ಹೊಸದಾಗಿ ಹುಟ್ಟಬೇಕು, ಹುಟ್ಟಿದ ಮೇಲೆ ಪೂರ್ತಿ ಮುಳುಗಬೇಕು. ನಾಲ್ಕು ವರ್ಷ ಕೇಳಿದ ಮೇಲೆ ಟೈಲರಮ್ಮ ಮುಳುಗುವುದಾಗಿ ಹೆಸರು ಕೊಟ್ಟರು. ಅನ್ನಪೂರ್ಣೇಶ್ವರಿ ನಗರದಲ್ಲಿ ಗಂಡನೊಂದಿಗೆ ಇರುವ, ಅಲ್ಲೇ ಶಾಲೆಯೊಂದರಲ್ಲಿ ಪಾಠ ಮಾಡುವ ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದ್ರೆ ಅಪ್ಪ? ಅವರು ಮುಳುಗಲೇ ಇಲ್ವಲ್ಲ. ಅವರೆಲ್ಲಿದ್ದಾರೆ ಈಗ?” ತಾಯಿಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿಂದ ಮಗಳು ಫೋನು ಮಾಡುವುದು ಕಡಿಮೆಯಾಯಿತು.

ಆ ಸಭೆಯಲ್ಲಿ ಒಂದು ಪದ್ಧತಿ ಇದೆ. ನೀರಿಗಿಳಿಯುವ ದಿನ ಬೆಳಿಗ್ಗೆ ಪ್ರತಿಯೊಬ್ಬರೂ ಎದ್ದು ನಿಂತು ಸಾಕ್ಷಿ ಹೇಳಬೇಕು. ಮುಂಚೆ ನಾನು ಹೇಗಿದ್ದೆ, ದೇವರು ನನ್ನನ್ನು ಹೇಗೆ ಬದಲಾಯಿಸಿದರು ಎಂಬ ಸ್ವಂತ ಕಥೆ. ಜೊತೆಗೆ ಒಂದು ಫಾರಂ. ಹೆಸರು, ವಯಸ್ಸು, ವಿಳಾಸ, ಅದರ ಕೆಳಗೆ ಇನ್ನೊಂದು ಗೆರೆ: ಹೊಸದಾಗಿ ಹುಟ್ಟಿದ ತಾರೀಖು. ಬೇರೆಯವರಿಗೆಲ್ಲ ಆ ತಾರೀಖು ಬಾಯಿಪಾಠ. ಒಬ್ಬರು ಕೆಂಗೇರಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳೂವರೆಗೆ ಹುಟ್ಟಿದ್ದರು. ಇನ್ನೊಬ್ಬರು ಆಸ್ಪತ್ರೆಯಲ್ಲಿ, ಆಪರೇಷನ್ನಿಗೆ ಮುಂಚೆ. ಟೈಲರಮ್ಮನಿಗೆ ಮಾತ್ರ ಕಥೆಯೂ ಇರಲಿಲ್ಲ, ತಾರೀಖೂ ಇರಲಿಲ್ಲ.

“ಸಾರ್, ನೀವು ಪೇಪರಿನಲ್ಲಿದ್ದೋರು. ಒಂದು ಪುಟ ಬರ್ಕೊಡಿ. ನಾನು ನೋಡ್ಕೊಂಡು ಓದ್ತೀನಿ” ಎಂದು ಕೇಳಿದರು.

ನಾನು ನಿವೃತ್ತನಾಗಿ ಒಂದೂವರೆ ವರ್ಷವಾಗಿತ್ತು. ಯಾರೂ ಏನೂ ಬರೆದುಕೊಡಿ ಎಂದು ಕೇಳಿರಲಿಲ್ಲ. ಮಾರನೆಯ ದಿನವೇ ನೋಟ್‌ಬುಕ್ ಹಿಡಿದು ಹೋಗಿ ಸ್ಟೂಲಿನ ಮೇಲೆ ಕೂತೆ. ಯಾರು, ಏನು, ಎಲ್ಲಿ, ಹೇಗೆ, ಏಕೆ, ಒಂದೊಂದಾಗಿ ಕೇಳಿದೆ. ಅವರು ಕಾಜಾ ಹೊಲಿಯುತ್ತಲೇ ಉತ್ತರ ಕೊಟ್ಟರು. ಬಾಲ್ಯ, ಹೊಲಿಗೆ ಕಲಿತದ್ದು, ಮಗಳ ಓದು. ಗಂಡ ಕುಡಿಯುತ್ತಿದ್ದರು ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದರು. ‘ಯಾವಾಗ’ ಎಂಬಲ್ಲಿಗೆ ಬಂದಾಗ ಕೈ ನಿಲ್ಲಿಸಿದರು.

“ಅದೇ ಗೊತ್ತಿಲ್ಲ ಸಾರ್. ಮುಂಚೆ ನಾನು ಹೀಗಿರಲಿಲ್ಲ ಅನ್ನೋದು ಗೊತ್ತು. ಯಾವತ್ತು ಹೀಗಾದೆ ಅಂದ್ರೆ ಗೊತ್ತಿಲ್ಲ.”

ಡೆಸ್ಕಿನಲ್ಲಿ ನಾವು ಹೊಸಬರಿಗೆ ಮೊದಲು ಹೇಳಿಕೊಡುತ್ತಿದ್ದದ್ದು ಒಂದು ನಿಯಮ. ಓದುಗನನ್ನು ಹಿಡಿದು ನಿಲ್ಲಿಸುವ ಸಂಗತಿ ಮೊದಲ ಪ್ಯಾರಾದಲ್ಲೇ ಬರಬೇಕು, ಉಳಿದದ್ದು ಆಮೇಲೆ. ಟೈಲರಮ್ಮನ ಬದುಕಿನ ಟಿಪ್ಪಣಿಯಲ್ಲಿ ಹಾಗೆ ಹಿಡಿದು ನಿಲ್ಲಿಸುವಂಥದ್ದು ನನಗೆ ಕಂಡದ್ದು ಒಂದೇ. ಅವರು ಒಂದು ವಾಕ್ಯದಲ್ಲಿ ಹೇಳಿ ಬಿಟ್ಟದ್ದನ್ನು ನಾನು ಮೊದಲ ಪ್ಯಾರಾಕ್ಕೇ ತಂದು ಕೂರಿಸಿದೆ. ಕುಡುಕ ಗಂಡನ ಮನೆಯ ಕತ್ತಲೆಯಲ್ಲಿ ಇಪ್ಪತ್ತೈದು ವರ್ಷ ಕಳೆದ ಹೆಣ್ಣೊಬ್ಬಳು ಬೆಳಕಿಗೆ ಬಂದ ಕಥೆ ಎಂದು ಶುರುವಾಗುತ್ತಿತ್ತು ನನ್ನ ಬರಹ. ವಾಕ್ಯ ಬಿಗಿಯಾಗಿತ್ತು. ನಾನೇ ಎರಡು ಸಲ ಓದಿ ತೃಪ್ತಿಪಟ್ಟೆ.

ಗುರುವಾರ ಸಂಜೆ ಅದನ್ನು ಅಂಗಡಿಯಲ್ಲಿ ಅವರಿಗೆ ಓದಿ ಹೇಳುತ್ತಿದ್ದೆ. ಮೊದಲ ಪ್ಯಾರಾ ಮುಗಿದಿತ್ತು. ತಲೆ ಎತ್ತಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಶಾಲೆಯಿಂದ ನೇರ ಬಂದಿದ್ದಳು, ಹೆಗಲಲ್ಲಿ ಬ್ಯಾಗಿತ್ತು. ತಾಯಿಯೊಂದಿಗೆ ಮಾತಾಡಿ ಸರಿಮಾಡಿಕೊಳ್ಳಲೆಂದೇ ಬಂದಿದ್ದಳು ಎಂದು ನನಗೆ ಆಮೇಲೆ ತಿಳಿಯಿತು.

ಅವಳು ಜೋರು ಮಾಡಲಿಲ್ಲ. “ಅಂಕಲ್, ನಮ್ಮಪ್ಪ ನಿಮ್ಮ ಹೆಡ್‌ಲೈನಾ?” ಎಂದಳು. ನಾನು ಏನೋ ವಿವರಿಸಲು ಹೋದೆ. ಅವಳು ನನ್ನ ಕಡೆ ನೋಡಲಿಲ್ಲ.

“ನೀನು ಇನ್ನೊಂದ್ಸಲ ಹುಟ್ಟೋಕೆ ಅಪ್ಪ ಇನ್ನೊಂದ್ಸಲ ಸಾಯ್ಬೇಕೇನಮ್ಮ? ನಾನು ಬರಲ್ಲ. ನನ್ನ ಕಾಯ್ಬೇಡ.”

ಅವಳು ಹೋದ ಮೇಲೆ ಟೈಲರಮ್ಮ ನನ್ನನ್ನು ಬೈಯಲಿಲ್ಲ. ಹಾಳೆ ತೆಗೆದುಕೊಂಡು ಮಡಚಿ ಮಷಿನ್ನಿನ ಡ್ರಾಯರಿಗೆ ಹಾಕಿ, ಕತ್ತಲಾಯಿತು, ಮನೆಗೆ ಹೋಗಿ ಸಾರ್, ಎಂದರು. ಬೈದದ್ದು ನನ್ನ ಹೆಂಡತಿ. “ಊರವರ ಸುದ್ದೀಲಿ ಎಷ್ಟು ತಪ್ಪು ಹುಡುಕಿದ್ರಿ ಇಷ್ಟು ವರ್ಷ. ಒಂದು ಹಾಳೆ ಸ್ವಂತ ಬರೆಯೋಕೆ ಹೋಗಿ ತಾಯಿ-ಮಗಳನ್ನ ದೂರ ಮಾಡಿದ್ರಲ್ಲ, ಭೇಷ್” ಎಂದಳು. ಅದಾದ ಮೇಲೆ ಎರಡು ದಿನ ಕಾಫಿ ಸ್ವಲ್ಪ ತಣ್ಣಗೇ ಬರುತ್ತಿತ್ತು.

ಸುದ್ದಿ ತಪ್ಪಾದರೆ ಮೂಲಕ್ಕೆ ಹೋಗಬೇಕು ಎಂಬುದೂ ಡೆಸ್ಕಿನದೇ ನಿಯಮ. ಟೈಲರಮ್ಮನ ಬಳಿಯಿಂದ ಅವರ ಗ್ರಂಥವನ್ನು ಕೇಳಿ ತಂದು, ಹೊಸ ಹುಟ್ಟಿನ ಮಾತು ಬರುವ ಸುವಾರ್ತೆಯ ಅಧ್ಯಾಯವನ್ನು ಓದಿದೆ. ನಾನು ಬೇರೆ ಧರ್ಮದವನು, ನನ್ನ ಓದಿಗೆ ಅಧಿಕಾರವೇನೂ ಇಲ್ಲ. ವರದಿಗಾರನಂತೆ ಓದಿದೆ ಅಷ್ಟೆ.

ಊರಿನಲ್ಲಿ ಹೆಸರಿದ್ದ, ಕಲಿತ ಹಿರಿಯನೊಬ್ಬ ಯಾರಿಗೂ ಕಾಣದ ಹಾಗೆ ರಾತ್ರಿ ಹೊತ್ತು ಯೇಸುವಿನ ಬಳಿ ಬರುತ್ತಾನೆ. ಮರ್ಯಾದೆಯ ಮಾತಿನಿಂದ ಶುರುಮಾಡುತ್ತಾನೆ. ಹೊಸದಾಗಿ ಹುಟ್ಟದೆ ದೇವರ ರಾಜ್ಯ ಕಾಣಲಾಗದು ಎಂಬ ಅರ್ಥದ ಉತ್ತರ ಬರುತ್ತದೆ. ಮುದುಕನಾದವನು ತಾಯಿಯ ಗರ್ಭಕ್ಕೆ ಮತ್ತೆ ಹೋಗುವುದು ಹೇಗೆ ಎಂದು ಹಿರಿಯ ಕೇಳುತ್ತಾನೆ. ಆ ಪ್ರಶ್ನೆಗಾಗಿ ನನಗೆ ಅವನು ಇಷ್ಟವಾದ. ಅರ್ಥವಾಗದ್ದನ್ನು ಅರ್ಥವಾದಂತೆ ತಲೆಯಾಡಿಸುವವರನ್ನು ನಾನು ಬಹಳ ನೋಡಿದ್ದೇನೆ. ಯೇಸು ನೀರಿನ ಮಾತು, ಆತ್ಮದ ಮಾತು ಆಡುತ್ತಾನೆ. ಆಮೇಲೆ ಗಾಳಿಯ ಹೋಲಿಕೆ ಕೊಡುತ್ತಾನೆ. ಅದು ತನಗೆ ಬೇಕಾದ ಕಡೆ ಬೀಸುತ್ತದೆ, ಸದ್ದು ಕೇಳುತ್ತದೆ, ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ತಿಳಿಯುವುದಿಲ್ಲ. ಆತ್ಮದಿಂದ ಹುಟ್ಟಿದವರೂ ಹಾಗೆಯೇ.

ನನ್ನ ಗಮನಕ್ಕೆ ಬಂದದ್ದು ಅಲ್ಲಿ ಇಲ್ಲದ ಸಂಗತಿಗಳು. ನೀನು ಮುಂಚೆ ಎಷ್ಟು ಕೆಟ್ಟವನಾಗಿದ್ದೆ ಎಂದು ಯೇಸು ಆ ಹಿರಿಯನನ್ನು ಕೇಳುವುದಿಲ್ಲ. ನಿನ್ನ ಮನೆಯಲ್ಲಿ ಯಾರು ಕೆಟ್ಟವರು ಎಂದು ಕೇಳುವುದಂತೂ ಇಲ್ಲವೇ ಇಲ್ಲ. ಆ ಹಿರಿಯ ಸುವಾರ್ತೆಯಲ್ಲಿ ಮತ್ತೆರಡು ಸಲ ಬರುತ್ತಾನೆ. ಒಮ್ಮೆ ದೊಡ್ಡವರ ಸಭೆಯಲ್ಲಿ ಯೇಸುವಿನ ಪರವಾಗಿ ಒಂದು ನ್ಯಾಯದ ಮಾತು ಆಡುತ್ತಾನೆ. ಇನ್ನೊಮ್ಮೆ, ಎಲ್ಲ ಮುಗಿದ ಮೇಲೆ, ಯೇಸುವಿನ ದೇಹವನ್ನು ಹೂಳುವುದಕ್ಕೆ ಸುಗಂಧದ್ರವ್ಯ ಹೊತ್ತು ತರುತ್ತಾನೆ. ಹೆದರಿ ಬಂದವನು ಹೆದರದವನಾಗಿದ್ದ ಎಂದು ಓದುಗನಿಗೆ ಗೊತ್ತಾಗುತ್ತದೆ. ಯಾವ ದಿನ ಹಾಗಾದ ಎಂದು ಬರೆದವರು ಬರೆದಿಲ್ಲ. ಇಷ್ಟು ದೊಡ್ಡ ಸುದ್ದಿಯಲ್ಲಿ ‘ಯಾವಾಗ’ ಎಂಬುದೇ ಬಿಟ್ಟುಹೋಗಿದೆ, ಯಾರೂ ತಿದ್ದುಪಡಿ ಹಾಕಿಲ್ಲ.

ಮತ್ತೂ ಒಂದು ಹೊಳೆಯಿತು. ಹುಟ್ಟುವುದು ಕೂಸಿನ ಕೆಲಸವಲ್ಲ. ಕೂಸಿಗೆ ಅದು ನೆನಪೂ ಇರುವುದಿಲ್ಲ. ನಮ್ಮದು ದಾವಣಗೆರೆ ಕಡೆಯ ಶರಣರ ಮನೆತನ. ಹುಟ್ಟಿದ ಕೆಲವೇ ದಿನಕ್ಕೆ ನನಗೆ ಲಿಂಗ ಕಟ್ಟಿದರಂತೆ. ಆಗ ನಾನು ದಾರ ಹಿಡಿದು ಬಾಯಿಗೆ ಹಾಕಿಕೊಂಡೆ ಎಂದು ನಮ್ಮವ್ವ ಸಾಯುವವರೆಗೂ ಹೇಳಿ ನಗುತ್ತಿದ್ದಳು. ನನಗೆ ಅದರಲ್ಲಿ ಏನೂ ಗೊತ್ತಿಲ್ಲ. ಅವಳು ನೋಡಿದ್ದಳು, ಅವಳು ಹೇಳಿದ್ದರಿಂದ ಅದು ನಿಜ.

ಶನಿವಾರ ಅನ್ನಪೂರ್ಣೇಶ್ವರಿ ನಗರಕ್ಕೆ ಹೋಗಿ ಮಗಳ ಮನೆಯ ಬೆಲ್ ಒತ್ತಿದೆ. ಊಟದ ಮೇಜಿನ ತುಂಬ ಉತ್ತರಪತ್ರಿಕೆಗಳಿದ್ದವು. ಕ್ಷಮೆ ಕೇಳಿದೆ, ಆ ಪ್ಯಾರಾ ತೆಗೆದುಬಿಡುತ್ತೇನೆ ಎಂದೆ. ಅವಳು ಕೆಂಪು ಪೆನ್ನು ಮುಚ್ಚಿ, ತೆಗೆದರೆ ಅದು ಸುಳ್ಳಾಗುತ್ತದೆ, ಅಪ್ಪ ಕುಡಿಯುತ್ತಿದ್ದದ್ದು ನಿಜ ಎಂದಳು. ಹಾಗಾದರೆ ತಪ್ಪೇನು ಎಂದು ಕೇಳಿದೆ.

“ಅಪ್ಪ ಏನು ಮಾಡಿದ್ರು ಅಂತ ಕೇಳಿದ್ರಿ. ಅಮ್ಮ ಏನು ಮಾಡಿದ್ಲು ಅಂತ ಕೇಳಿದ್ರಾ ಅಂಕಲ್?”

ಕೇಳಿರಲಿಲ್ಲ. ಹಾಗೆ ಕೇಳಬೇಕೆಂದು ತೋಚಿಯೂ ಇರಲಿಲ್ಲ. ಅದನ್ನು ಅವಳಿಂದ ಕೇಳಲು ಹೋದೆ. ಅಮ್ಮನನ್ನೇ ಕೇಳಿ ಎಂದಳು. ನಾಳೆ ದೀಕ್ಷಾಸ್ನಾನಕ್ಕೆ ಬರುತ್ತೀಯಾ ಎಂದಾಗ ಉತ್ತರಪತ್ರಿಕೆಗಳ ಕಡೆ ಕೈ ತೋರಿಸಿದಳು. ಕಾಫಿ ಮಾತ್ರ ಬಿಸಿಯಾಗಿ ಕೊಟ್ಟಳು.

ವಾಪಸು ಬರುವಾಗ ಟೈಲರಮ್ಮನ ಅಂಗಡಿಯ ಮುಂದೆ ನಿಂತು, ಬೇರೆ ಹಾಳೆ ಬರೆಯಲೇ ಎಂದು ಕೇಳಿದೆ. ಬೇಡ ಎಂದರು. ನಾನು ಮಗಳ ಮನೆಗೆ ಹೋಗಿದ್ದನ್ನೂ ಅವಳು ಕೇಳಿದ ಪ್ರಶ್ನೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ಸೂಜಿಗೆ ದಾರ ಪೋಣಿಸುತ್ತಿದ್ದರು. ಆಮೇಲೆ, ಅವಳು ಬರುತ್ತಾಳಂತಾ, ಎಂದಷ್ಟೇ ಕೇಳಿದರು. ಗೊತ್ತಿಲ್ಲ ಎಂದೆ.

ಭಾನುವಾರ ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಶ್ರೀಗಂಧದ ಕಾವಲಿಗೆ ಹೋದೆವು. ಹಾಲಿನ ಹಿಂಭಾಗದಲ್ಲಿ ಗೋಡೆಗೊರಗಿ ಕೂರಲು ಜಾಗ ಮಾಡಿಕೊಟ್ಟರು. ಪಾಸ್ಟರು ಮೂವತ್ತೈದರ ಆಸುಪಾಸಿನವರು, ವಾರದ ದಿನಗಳಲ್ಲಿ ವಾಷಿಂಗ್ ಮಷಿನ್ ರಿಪೇರಿ ಮಾಡುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ. ಅಂದು ನೀರಿಗಿಳಿಯುವವರು ಮೂವರು. ಮೊದಲ ಇಬ್ಬರು ಸಾಕ್ಷಿ ಹೇಳಿದರು; ಇಬ್ಬರಿಗೂ ದಿನ, ಜಾಗ, ಗಂಟೆ ಎಲ್ಲವೂ ಇತ್ತು. ಟೈಲರಮ್ಮ ನಡುನಡುವೆ ಬಾಗಿಲ ಕಡೆ ತಿರುಗಿ ನೋಡುತ್ತಿದ್ದರು. ಮಗಳು ಬಂದಿರಲಿಲ್ಲ.

ಅವರ ಸರದಿ ಬಂತು. ಬಿಳಿ ಸೀರೆ ಉಟ್ಟು ಎದ್ದು ನಿಂತರು. ಕೈಯಲ್ಲಿ ಹಾಳೆ ಇರಲಿಲ್ಲ.

“ನಂಗೆ ಭಾಷಣ ಬರಲ್ಲ. ನನ್ನ ಗಂಡ ಕುಡೀತಿದ್ರು. ಅದು ಅವರ ಸಾಕ್ಷಿ, ಅವರೇ ಹೇಳ್ಬೇಕಿತ್ತು. ನಾನು ನಂದು ಹೇಳ್ತೀನಿ. ಅವರು ಕುಡಿಯೋದು ಬಿಟ್ರು. ಬಿಟ್ಟ ಮೇಲೂ ನಾನು ಮೂರು ವರ್ಷ ಅವರ ಹತ್ರ ಮಾತಾಡ್ಲಿಲ್ಲ. ಒಂದೇ ಮನೆ. ತಟ್ಟೆ ಇಡ್ತಿದ್ದೆ, ಬಟ್ಟೆ ಒಗೀತಿದ್ದೆ, ಪ್ರತಿ ವಾರ ದೇವಾಲಯದಲ್ಲಿ ಪಕ್ಕದಲ್ಲೇ ಕೂರ್ತಿದ್ದೆ. ಮಾತಿಲ್ಲ. ಅವರು ಕಾಯ್ತಾ ಇದ್ರು, ನಂಗೆ ಗೊತ್ತಿತ್ತು. ಗೊತ್ತಿದ್ದೇ ಮಾತಾಡ್ಲಿಲ್ಲ. ಗೆದ್ದ ಹಾಗಿತ್ತು ನಂಗೆ.”

ನನ್ನ ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು. ಮೂವತ್ತು ವರ್ಷದ ಪರಿಚಯದಲ್ಲಿ ಅವಳಿಗೂ ಇದು ತಿಳಿದಿರಲಿಲ್ಲ.

“ಆಮೇಲೆ ಒಂದಿನ ಮಾತಾಡ್ದೆ. ಅವರಿದ್ದ ಕೊನೇ ಎರಡು ವರ್ಷ ಚೆನ್ನಾಗಿದ್ವಿ. ಅಷ್ಟೇ ನನ್ನ ಸಾಕ್ಷಿ.”

ಪಾಸ್ಟರು ಫಾರಂ ನೋಡಿದರು. ಕೊನೆಯ ಗೆರೆ ಖಾಲಿ ಇದ್ದಿರಬೇಕು. ಆ ಒಂದಿನ ಯಾವುದಮ್ಮ, ದೇವರು ನಿಮ್ಮ ಮನಸ್ಸು ತಿರುಗಿಸಿದ್ದು ಯಾವಾಗ ಎಂದು ಮೆತ್ತಗೆ ಕೇಳಿದರು. ಟೈಲರಮ್ಮ ಯೋಚಿಸಿ, ಗೊತ್ತಿಲ್ಲ ಪಾಸ್ಟರ್, ನಾನು ಪ್ರಾರ್ಥನೆ ಗೀರ್ಥನೆ ಏನೂ ಮಾಡಿರಲಿಲ್ಲ, ಏನು ಮಾತಾಡಿದೆ ಅಂತಲೂ ನೆನಪಿಲ್ಲ ಎಂದರು.

“ನಂಗೊತ್ತು.”

ಮಗಳು ಬಾಗಿಲಲ್ಲಿ, ಚಪ್ಪಲಿಗಳ ನಡುವೆ ನಿಂತಿದ್ದಳು. ಯಾವಾಗ ಬಂದಳೋ ನಾನು ಗಮನಿಸಿರಲಿಲ್ಲ. ಐವತ್ತು ತಲೆಗಳು ತಿರುಗಿದವು. ಪಾಸ್ಟರು, ಹೇಳಿ ಎಂದರು.

ಅವಳು ತರಗತಿಯಲ್ಲಿ ಹೇಳುವಂತೆ ನೇರವಾಗಿ ಹೇಳಿದಳು. ಅವಳು ಬಿ.ಎಡ್. ಓದುತ್ತಿದ್ದ ಕಾಲ. ಮನೋವಿಜ್ಞಾನದ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ಊಟದ ಕೋಣೆಯ ಮೂಲೆಯಲ್ಲಿ ಕೂತು ಓದುತ್ತಿದ್ದಳು. ಅಪ್ಪ ಊಟಕ್ಕೆ ಕೂತಿದ್ದರು. ಅಮ್ಮ ಎಂದಿನಂತೆ ತಟ್ಟೆ ಇಟ್ಟಳು, ಸಾರು ಹಾಕಿದಳು, ಆದರೆ ಎಂದಿನಂತೆ ಒಳಗೆ ಹೋಗಲಿಲ್ಲ.

“ಅಲ್ಲೇ ನಿಂತ್ಕೊಂಡು ‘ಉಪ್ಪು ಸಾಕಾ?’ ಅಂದ್ಲು. ಅಪ್ಪ ತಿರುಗಿ ನನ್ನ ನೋಡಿದ್ರು, ಅಮ್ಮ ನನ್ನ ಹತ್ರ ಮಾತಾಡ್ತಿದಾಳೆ ಅಂದ್ಕೊಂಡು. ನಿಮಗೇ ಅಪ್ಪ ಅಂದೆ. ಒಂದು ತುತ್ತು ತಿಂದು, ‘ಸಾಕು, ಸರಿಯಾಗಿದೆ’ ಅಂದ್ರು. ಆಮೇಲೆ ನಾನು ಊಟ ಮಾಡಿದಾಗ ನೋಡಿದ್ರೆ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ.”

ಹಾಲಿನಲ್ಲಿ ನಗು ಎದ್ದಿತು. ಟೈಲರಮ್ಮ ನಗಲಿಲ್ಲ. “ನೀನು ಹೇಳ್ಲೇ ಇಲ್ವಲ್ಲೇ ಇಷ್ಟು ವರ್ಷ” ಎಂದರು.

“ಅಪ್ಪ ಹೇಳ್ಬೇಡ ಅಂದಿದ್ರು ಕಣಮ್ಮ. ಹೇಳಿದ್ರೆ ನೀನು ನಾಚ್ಕೊಂಡು ಮತ್ತೆ ಮಾತು ಬಿಡ್ತೀಯ ಅಂತ ಹೆದರಿಕೆ ಅವರಿಗೆ.”

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಮಗಳು ಅಲ್ಲಿಗೇ ನಿಲ್ಲಿಸಲಿಲ್ಲ. ಪಾಸ್ಟರ ಕಡೆ ತಿರುಗಿ, ಕೂಸಾಗಿದ್ದಾಗ ನಮಗೆ ಹಾಕಿದ ನೀರು ಸುಳ್ಳು ಎಂದು ನಾನು ಒಪ್ಪುವುದಿಲ್ಲ, ಅದು ನಿಮಗೆ ತಿಳಿದಿರಲಿ ಎಂದಳು. ಪಾಸ್ಟರು ತಲೆಯಾಡಿಸಿದರು.

“ಆ ದಿನ ನಮ್ಮಮ್ಮ ಹುಟ್ಟಿದ್ಲು ಅಂತ ನೀವು ಬರ್ಕೊಳ್ಳಿ. ನಂದೇನೂ ತಕರಾರಿಲ್ಲ. ಆದ್ರೆ ಉಪ್ಪಿಲ್ಲದ ಸಾರನ್ನ ಸರಿಯಾಗಿದೆ ಅಂದು ಪೂರ್ತಿ ಉಂಡೆದ್ದರಲ್ಲ ನಮ್ಮಪ್ಪ, ಅವರನ್ನ ಎಲ್ಲಿ ಬರ್ಕೋತೀರಿ?”

ಇಂಥ ಕಡೆ ತಕ್ಷಣ ಉತ್ತರ ಕೊಟ್ಟುಬಿಡುವ ಬೋಧಕರನ್ನು ನಾನು ಎಲ್ಲ ಧರ್ಮಗಳಲ್ಲೂ ಕಂಡಿದ್ದೇನೆ. ಈ ಪಾಸ್ಟರು ಪೆನ್ನು ಜೇಬಿಗೆ ಹಾಕಿಕೊಂಡರು. “ಅದನ್ನ ಬರೆಯೋ ಪುಸ್ತಕ ನನ್ನ ಹತ್ರ ಇಲ್ಲ ಸಿಸ್ಟರ್. ಬರೆಯೋನೂ ನಾನಲ್ಲ. ಬರೆದಿರಲ್ಲ ಅಂತ ಹೇಳೋಕೂ ನಾನು ಯಾರು?” ಎಂದರು. ಆಮೇಲೆ ಮೂವರನ್ನೂ ಮೇಲೆ ಬರಲು ಹೇಳಿದರು.

ನೀರು ಟೆರೇಸಿನಲ್ಲಿತ್ತು. ಮೇಲ್ಭಾಗ ಕೊಯ್ದು ತೆಗೆದ ದೊಡ್ಡ ಕಪ್ಪು ಟ್ಯಾಂಕು, ಹತ್ತಿ ಇಳಿಯಲು ಎರಡೂ ಕಡೆ ಮರದ ಮೆಟ್ಟಿಲು. ಸುತ್ತಲ ಮನೆಗಳ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಒಂದು ಕ್ಷಣ ನಿಂತು ನೋಡಿ ತಮ್ಮ ಕೆಲಸಕ್ಕೆ ತಿರುಗಿದರು. ಟೈಲರಮ್ಮ ಕೊನೆಯವರು. ಇಳಿಯುವ ಮುಂಚೆ ಮಗಳು ಎಲ್ಲಿದ್ದಾಳೆಂದು ನೋಡಿದರು. ಅವಳು ಟ್ಯಾಂಕಿನಿಂದ ಸ್ವಲ್ಪ ದೂರ, ಕೈಕಟ್ಟಿ ನಿಂತಿದ್ದಳು. ಒಪ್ಪಿಗೆಯ ಮುಖವಾಗಿರಲಿಲ್ಲ ಅದು. ಆದರೆ ಅಲ್ಲಿಂದ ಕದಲಲಿಲ್ಲ.

ಪಾಸ್ಟರು ಒಂದು ಕೈ ಬೆನ್ನಿಗೆ, ಒಂದು ಕೈ ತಲೆಗೆ ಕೊಟ್ಟು ಅವರನ್ನು ಹಿಂದಕ್ಕೆ ಬಾಗಿಸಿದರು. ನೀರು ಅಂಚು ದಾಟಿ ಚೆಲ್ಲಿತು. ಎದ್ದಾಗ ಟೈಲರಮ್ಮನ ಕೂದಲೆಲ್ಲ ಮುಖಕ್ಕೆ ಅಂಟಿತ್ತು, ಏನೂ ಕಾಣದೆ ಗಾಳಿಯಲ್ಲಿ ಕೈಯಾಡಿಸುತ್ತಿದ್ದರು. ಮೆಟ್ಟಿಲಿಗೆ ಕಾಲು ಸಿಗಲಿಲ್ಲ. ಯಾರೋ ಹೆಂಗಸು ಮುಂದೆ ಹೋಗುವಷ್ಟರಲ್ಲಿ ಮಗಳು ಹೋಗಿದ್ದಳು. ಎರಡು ಕಂಕುಳಿಗೂ ಕೈಹಾಕಿ ಎಳೆದುಕೊಂಡಳು. ಅವಳ ಸೀರೆಯ ಮುಂಭಾಗ ಪೂರ್ತಿ ನೆನೆಯಿತು.

“ಎಷ್ಟು ಹೊತ್ತು ಮುಳುಗಿಸ್ತಾರೆ, ಅದಕ್ಕೊಂದು ಲೆಕ್ಕ ಬೇಡ್ವಾ” ಎಂದಳು, ತಾಯಿಯ ಮುಖದಿಂದ ಕೂದಲು ಸರಿಸುತ್ತ. “ನಾನು ಎಣಿಸ್ತಾ ಇದ್ದೆ.”

“ಎಷ್ಟಾಯ್ತೇ?”

“ಮೂರು.”

“ಅಷ್ಟೇನಾ?” ಎಂದರು ಟೈಲರಮ್ಮ. ಉಸಿರು ಇನ್ನೂ ಸರಿಹೋಗಿರಲಿಲ್ಲ.

“ನಂಗೆ ಅಷ್ಟಕ್ಕೇ ಭಯ ಆಯ್ತು” ಎಂದಳು ಮಗಳು.